ಕೋವಿಡ್ ಆದಮೇಲೆ ಕೆಲಸಕ್ಕೆ ಯಾವತ್ತು? ಗೇಟಿನಲ್ಲಿ ಕೇಳಬೇಕಾದ್ದು, ಕೇಳಬಾರದ್ದು

“ನೆಗೆಟಿವ್ ರಿಪೋರ್ಟ್ ತಂದ್ರೆ ಮಾತ್ರ ಒಳಗೆ.” ಕೋವಿಡ್ ಬಂದು ಹೋದ ಕೆಲಸಗಾರರಿಗೆ ಹಲವು ಮಾಲೀಕರು ಹಾಕುವ ಮೊದಲ ಷರತ್ತು ಇದು. ಕೇಳುವುದಕ್ಕೆ ಕಟ್ಟುನಿಟ್ಟಾಗಿದೆ. ಆದರೆ ಇದು ಎರಡೂ ಕಡೆ ತಪ್ಪುತ್ತದೆ: ಬರಬಹುದಾದವರನ್ನು ತಡೆಯುತ್ತದೆ, ಬರಬಾರದವರನ್ನು ಒಳಗೆ ಬಿಡುತ್ತದೆ.

ಆರ್‌ಟಿ-ಪಿಸಿಆರ್ ಎಂಬ ಲ್ಯಾಬ್ ಪರೀಕ್ಷೆ ಹುಡುಕುವುದು ವೈರಸ್ಸಿನ ಆರ್‌ಎನ್‌ಎ ತುಣುಕನ್ನು. ಆ ತುಣುಕು ಜೀವ ಇರುವ ವೈರಸ್ಸಿನದೋ ಸತ್ತು ಬಿದ್ದದ್ದರದೋ ಎನ್ನುವುದು ಅದಕ್ಕೆ ತಿಳಿಯುವುದಿಲ್ಲ. ಪೂರ್ತಿ ಗುಣವಾದವರ ಮೂಗಿನಲ್ಲೂ ಈ ಚೂರುಗಳು ವಾರಗಟ್ಟಲೆ, ಕೆಲವರಲ್ಲಿ ಮೂರು ತಿಂಗಳವರೆಗೂ ಸಿಗುತ್ತವೆ. ಸಾಧಾರಣ ಸೋಂಕಿನಲ್ಲಿ ಇನ್ನೊಬ್ಬರಿಗೆ ಅಂಟುವಂಥ ವೈರಸ್ ಹತ್ತು ದಿನ ಕಳೆದ ಮೇಲೆ ಸಿಗುವುದು ಅಪರೂಪ. ಹದಿನೈದನೆಯ ದಿನ ಪಾಸಿಟಿವ್ ಬಂದವರನ್ನು ಮನೆಗೆ ಕಳಿಸಿದರೆ ಯಾರಿಗೂ ಲಾಭವಿಲ್ಲ, ಅವರ ಸಂಬಳ ಹೋಗುತ್ತದೆ ಅಷ್ಟೇ. ಅದೇ ಗೇಟಿನಲ್ಲಿ, ನಿನ್ನೆ ಗಂಟಲು ಕೆರೆತ ಶುರುವಾಗಿ ಇವತ್ತು ಆ್ಯಂಟಿಜೆನ್ ಕಿಟ್‌ನಲ್ಲಿ ನೆಗೆಟಿವ್ ಬಂದವರು ಸಲೀಸಾಗಿ ಒಳಗೆ ಹೋಗುತ್ತಾರೆ. ಹರಡುವವರು ಅವರೇ.

ಕೇಂದ್ರ ಆರೋಗ್ಯ ಸಚಿವಾಲಯ 2020ರ ಮೇ 8ರಂದೇ, ಸೌಮ್ಯ ಪ್ರಕರಣಗಳಲ್ಲಿ ಬಿಡುಗಡೆಗೆ ಮುಂಚೆ ಮತ್ತೊಂದು ಪರೀಕ್ಷೆ ಬೇಡ ಎಂದು ಹೇಳಿಯಾಗಿತ್ತು. ಗೇಟುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಾದರೆ ಎಷ್ಟು ದಿನ? ಇಲ್ಲಿ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ವರ್ಷದ ನಿಯಮ ಕೂತಿದೆ. 2020ರಲ್ಲಿ ಲಕ್ಷಣ ಶುರುವಾಗಿ 10 ದಿನ, ಕೊನೆಯ 3 ದಿನ ಜ್ವರ ಇರಬಾರದು, ಅದರ ಮೇಲೆ ಮನೆಯಲ್ಲಿ ಇನ್ನೂ 7 ದಿನ ಎಂದಿತ್ತು. “ಹದಿನೇಳು ದಿನ” ಎನ್ನುವವರು ಅಲ್ಲೇ ನಿಂತಿದ್ದಾರೆ. 2022ರ ಜನವರಿಯಲ್ಲಿ ಅದು ಬದಲಾಯಿತು: ಪಾಸಿಟಿವ್ ಬಂದ ದಿನದಿಂದ ಕನಿಷ್ಠ 7 ದಿನ, ಸತತ 3 ದಿನ ಜ್ವರವಿಲ್ಲ, ಮರುಪರೀಕ್ಷೆ ಬೇಡ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2021ರ ಡಿಸೆಂಬರ್ 27ರಂದು 5 ದಿನ ಪ್ರತ್ಯೇಕ, ಮುಂದಿನ 5 ದಿನ ಮಾಸ್ಕ್ ಎಂದಿತು. 2024ರ ಮಾರ್ಚ್ 1ರಿಂದ ದಿನದ ಲೆಕ್ಕವನ್ನೇ ಬಿಟ್ಟು, ಮಾತ್ರೆ ಇಲ್ಲದೆ 24 ಗಂಟೆ ಜ್ವರ ಇರಬಾರದು, ಉಳಿದ ಲಕ್ಷಣ ಇಳಿಮುಖವಾಗಿರಬೇಕು, ಆಮೇಲೆ 5 ದಿನ ಎಚ್ಚರಿಕೆ ಎಂದಿತು. ಹೊರದೇಶದ ಹೆಡ್ ಆಫೀಸಿನ ಕಂಪನಿಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಶಿರಸಿಯ ಹುಡುಗರಿಗೆ ಈ ಕೊನೆಯ ನಿಯಮವೇ ಇಮೇಲ್‌ನಲ್ಲಿ ಬಂದಿರುತ್ತದೆ. ಪಕ್ಕದ ಮನೆಯವರಿಗೆ ಹದಿನೇಳು ದಿನ. ಜಗಳ ಬರದೆ ಇನ್ನೇನು?

ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ್ದ ಕೋವಿಡ್ ಆದೇಶಗಳನ್ನು ಕೇಂದ್ರ 2022ರ ಮಾರ್ಚ್ 31ಕ್ಕೆ ಮುಗಿಸಿತು. ಆಮೇಲೆ ಅಲೆ ಏರಿದಾಗ ರಾಜ್ಯ ಆಗಾಗ ಹೇಳುತ್ತ ಬಂದಿದೆ. 2023ರ ಡಿಸೆಂಬರ್ ಕೊನೆಯಲ್ಲಿ ಕೋವಿಡ್‌ನ ಜೆಎನ್.1 ಉಪತಳಿ ಬಂದಾಗ, ಸೋಂಕಿತರು 7 ದಿನ ಮನೆಯಲ್ಲಿರಬೇಕು, ಸರ್ಕಾರಿ ಮತ್ತು ಖಾಸಗಿ ನೌಕರರಿಬ್ಬರಿಗೂ ಅಷ್ಟು ದಿನ ರಜೆ ಕೊಡಬೇಕು ಎಂದು ಕರ್ನಾಟಕದ ಸಚಿವ ಸಂಪುಟ ಉಪಸಮಿತಿ ತೀರ್ಮಾನಿಸಿತು. ಹೊಸ ಸುತ್ತೋಲೆ ಬಂದರೆ ಅದನ್ನು ಅನುಸರಿಸಬೇಕು; ಬಾರದ ದಿನಗಳಲ್ಲಿ ಸಂಸ್ಥೆಯದೇ ಒಂದು ಪುಟದ ನಿಯಮ ಇರಬೇಕು. ನಮ್ಮ ಸಲಹೆ ಇಷ್ಟು: 7 ದಿನ ಮನೆ, 3 ದಿನ ಜ್ವರವಿಲ್ಲ, ಎಂಟನೆಯ ದಿನ ಕೆಲಸ, ಹತ್ತನೆಯ ದಿನದವರೆಗೆ ಮಾಸ್ಕ್. ಕೆಲವು ಕೆಲಸಗಳಿಗೆ ಇದು ಸಾಲದು, ಅದಕ್ಕೆ ಮುಂದೆ ಬರುತ್ತೇವೆ.

ಎಣಿಕೆ ತಪ್ಪುವುದು ಎಲ್ಲಿ

ಸೋಮವಾರ ರಾತ್ರಿ ಜ್ವರ, ಬುಧವಾರ ಪರೀಕ್ಷೆ, ಪಾಸಿಟಿವ್. ಬುಧವಾರವನ್ನು ಸೊನ್ನೆ ಎಂದು ಬರೆಯಿರಿ, ಒಂದು ಎಂದಲ್ಲ. ಗುರುವಾರ ಒಂದು. ಮುಂದಿನ ಬುಧವಾರಕ್ಕೆ ಏಳು ಮುಗಿಯುತ್ತದೆ, ಗುರುವಾರ ಕೆಲಸ. ಪರೀಕ್ಷೆಯನ್ನೇ ಮಾಡಿಸದಿದ್ದರೆ ಲಕ್ಷಣ ಕಂಡ ದಿನವೇ ಸೊನ್ನೆ. ಲಕ್ಷಣ ಯಾವುದೂ ಇಲ್ಲದೆ ಪಾಸಿಟಿವ್ ಬಂದವರಿಗೂ ಪರೀಕ್ಷೆಯ ದಿನದಿಂದಲೇ ಎಣಿಕೆ. ನಡುವೆ ಜ್ವರ ಕಾಣಿಸಿಕೊಂಡರೆ ಜ್ವರ ಕಂಡ ದಿನ ಮತ್ತೆ ಸೊನ್ನೆ.

ಜ್ವರದ ಮೂರು ದಿನಕ್ಕೆ ಬೇರೆಯೇ ಲೆಕ್ಕ, ಎರಡರಲ್ಲಿ ಯಾವುದು ತಡವೋ ಅದು. ಮೇಲಿನ ಉದಾಹರಣೆಯಲ್ಲೇ ಕೊನೆಯ ಜ್ವರ ಭಾನುವಾರ ಬೆಳಿಗ್ಗೆ ಇದ್ದರೆ ಸೋಮ, ಮಂಗಳ, ಬುಧ ಮೂರು ದಿನ ಆಯಿತು, ಗುರುವಾರ ಬರಬಹುದು. ಮಂಗಳವಾರ ಸಂಜೆ ಮತ್ತೆ ಮೈ ಕಾದಿದ್ದರೆ ಬುಧ, ಗುರು, ಶುಕ್ರ ಕಳೆದು ಶನಿವಾರ.

ಈ ಲೆಕ್ಕವನ್ನು ಕೆಡಿಸುವುದು ಮಾತ್ರೆ. ಪ್ಯಾರಾಸಿಟಮಾಲ್ ನುಂಗಿದರೆ ನಾಲ್ಕರಿಂದ ಆರು ತಾಸು ಜ್ವರ ಇಳಿದೇ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಒಂದು ಡೋಲೋ 650 ಹಾಕಿ ಎಂಟರ ಬಸ್ಸು ಹತ್ತಿದವರ ಹಣೆಗೆ ಥರ್ಮಾಮೀಟರ್ ಗನ್ ಹಿಡಿದರೆ 98 ತೋರಿಸುತ್ತದೆ. ಆದ್ದರಿಂದ “ಜ್ವರ ಇದೆಯಾ?” ಎಂದು ಕೇಳುವುದಕ್ಕಿಂತ “ಕೊನೆಯ ಮಾತ್ರೆ ಯಾವಾಗ ತಗೊಂಡ್ರಿ?” ಎಂದು ಕೇಳಬೇಕು. ಮೂರು ದಿನದ ಎಣಿಕೆ ಶುರುವಾಗುವುದು ಆ ಮಾತ್ರೆಯ ನಂತರ. ಕಂಕುಳಿನಲ್ಲಿಡುವ ಡಿಜಿಟಲ್ ಥರ್ಮಾಮೀಟರನ್ನೇ ಮನೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಬಾರಿ ಇಟ್ಟು ಬರೆದುಕೊಂಡರೆ ಅದೇ ನಂಬಲರ್ಹ ದಾಖಲೆ. 100.4 ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್, ಮುಟ್ಟಿದರೆ ಜ್ವರ ಎಂದೇ ಬರೆಯಿರಿ.

ಗೇಟಿನ ಗನ್ನಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಹವೆ ಆಗಿಬರುವುದಿಲ್ಲ. ಮಳೆಯಲ್ಲಿ ಬೈಕ್ ಹೊಡೆದುಕೊಂಡು ಬಂದವರ ಒದ್ದೆ ಹಣೆ ತಣ್ಣಗಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಡೆದು ಬಂದವರದು ಸುಮ್ಮನೆ ಕಾದಿರುತ್ತದೆ. ಹಣೆ ಒರೆಸಿ, ನೆರಳಿನಲ್ಲಿ ಹತ್ತು ಹದಿನೈದು ನಿಮಿಷ ಕೂರಿಸಿ ಹಿಡಿಯಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ಗನ್ ಬಿಡಿ, ಮಾತ್ರೆಯ ಪ್ರಶ್ನೆ ಕೇಳಿ.

ಕೆಮ್ಮು, ಸುಸ್ತು, ವಾಸನೆ ಹೋಗಿರುವುದು ವಾರಗಟ್ಟಲೆ ಉಳಿಯಬಹುದು. ಅವು ಕಡಿಮೆಯಾಗುತ್ತಿದ್ದರೆ ಅದೊಂದೇ ಕಾರಣಕ್ಕೆ ತಡೆಯಬೇಕಿಲ್ಲ. ಮನೆಯಲ್ಲಿ ಬೇರೆಯವರಿಗೆ ಬಂದಿದೆ, ಇವರಿಗೆ ಏನೂ ಇಲ್ಲ ಎಂದರೆ ಹತ್ತು ದಿನ ಮಾಸ್ಕ್ ಹಾಕಿ ಬರಲಿ, ಗಂಟಲು ಕೆರೆದ ದಿನವೇ ನಿಲ್ಲಲಿ.

ಆ್ಯಂಟಿಜೆನ್ ಕಿಟ್ ಎಲ್ಲಿ ಉಪಯೋಗ

ವಾಪಸು ಬರಲು ಕಿಟ್ ಕಡ್ಡಾಯ ಬೇಡ. ಆದರೆ ಹೋಟೆಲಿನಂಥ, ಹತ್ತು ದಿನ ಕಾಯಬೇಕಾದ ಕೆಲಸಕ್ಕೆ (ಬೋಟಿಗಲ್ಲ) ಒಬ್ಬರು ಎಂಟನೆಯ ದಿನವೇ ಬೇಕು ಎಂದಾದರೆ ಆಗ ಉಪಯೋಗ. 48 ತಾಸು ಅಂತರದಲ್ಲಿ ಎರಡು ನೆಗೆಟಿವ್ ಬಂದರೆ ಸಾಕಷ್ಟು ನಂಬಬಹುದು, ಒಂದೇ ನೆಗೆಟಿವ್ ಅನ್ನು ನಂಬಬೇಡಿ. ಎಂಟನೆಯ ದಿನವೂ ಗೆರೆ ಮೂಡಿದರೆ ಇನ್ನೂ ಹರಡುವ ಸಾಧ್ಯತೆ ಇದೆ ಎಂದೇ ತಿಳಿಯಬೇಕು. ಪಿಸಿಆರ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಮಾಡುವಾಗ ತಪ್ಪುವುದು ಮೂರು ಕಡೆ. ಕಡ್ಡಿಯನ್ನು ಮೂಗಿನ ತುದಿಯಲ್ಲಿ ತಾಗಿಸಿ ತೆಗೆದುಬಿಡುತ್ತಾರೆ. ಎರಡರಿಂದ ನಾಲ್ಕು ಸೆಂಟಿಮೀಟರ್ ಒಳಗೆ ಹೋಗಬೇಕು, ಎರಡೂ ಹೊಳ್ಳೆಯಲ್ಲಿ ಗೋಡೆಗೆ ಒತ್ತಿ ಐದೈದು ಸುತ್ತು ತಿರುಗಿಸಬೇಕು. ಎರಡನೆಯದು ಓದುವ ಹೊತ್ತು: ಹೆಚ್ಚಿನ ಕಿಟ್‌ಗಳಲ್ಲಿ ಹದಿನೈದು ನಿಮಿಷಕ್ಕೆ ನೋಡಬೇಕು, ಇಪ್ಪತ್ತು ದಾಟಿದ ಮೇಲೆ ಕಂಡ ಗೆರೆಗೆ ಬೆಲೆಯಿಲ್ಲ. ‘ಟಿ’ ಎದುರು ಮಸುಕಾಗಿ ಕಂಡರೂ ಅದು ಪಾಸಿಟಿವ್. ‘ಸಿ’ ಎದುರು ಗೆರೆಯೇ ಇಲ್ಲದಿದ್ದರೆ ಕಿಟ್ ಕೆಟ್ಟಿದೆ. ಮೂರನೆಯದು ಇಡುವ ಜಾಗ. ಡಬ್ಬಿಯ ಮೇಲೆ ಸಾಮಾನ್ಯವಾಗಿ 2ರಿಂದ 30 ಡಿಗ್ರಿ ಎಂದಿರುತ್ತದೆ. ಮೇ ತಿಂಗಳಲ್ಲಿ ಅಂಕೋಲೆಯ ಬಿಸಿಲಿಗೆ ನಿಲ್ಲಿಸಿದ ಸ್ಕೂಟಿಯ ಡಿಕ್ಕಿಯೊಳಗೆ ಮಧ್ಯಾಹ್ನವೆಲ್ಲ ಇದ್ದ ಕಿಟ್ ಏನು ಹೇಳಿದರೂ ನಂಬುವಂತಿಲ್ಲ.

ಎಲ್ಲ ಕೆಲಸವೂ ಒಂದೇ ಅಲ್ಲ

ಬ್ಯಾಂಕು, ಆಫೀಸು, ಬಟ್ಟೆ ಅಂಗಡಿಗೆ ಮೇಲಿನ ನಿಯಮ ಸಾಕು. ಎಸಿ ಇದ್ದರೆ ಒಂದು ಕಿಟಕಿ ಬೆರಳಷ್ಟಾದರೂ ತೆರೆದಿರಲಿ, ಊಟದ ಹೊತ್ತು ಬೇರೆ ಮಾಡಿ. ಮಾಸ್ಕ್ ತೆಗೆದು ಎದುರುಬದುರು ಕೂರುವುದು ಊಟಕ್ಕೇ ಅಲ್ಲವೇ.

ಹೋಟೆಲಿನ ಅಡುಗೆಯವರು, ಬಡಿಸುವವರ ವಿಷಯದಲ್ಲಿ ಕೋವಿಡ್‌ಗಿಂತ ಹಳೆಯ ನಿಯಮವೇ ಇದೆ. ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಾವಳಿಯ ನಾಲ್ಕನೆಯ ಅನುಸೂಚಿ ಪ್ರಕಾರ ಅಂಟುಜಾಡ್ಯ ಇರುವವರು ಆಹಾರ ಮುಟ್ಟುವ ಕೆಲಸ ಮಾಡುವಂತಿಲ್ಲ, ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯೂ ಬೇಕು. ಗೋಕರ್ಣ, ಮುರ್ಡೇಶ್ವರದಲ್ಲಿ ಸೀಸನ್ ಇದ್ದಾಗ ಕೈ ಕಡಿಮೆ ಬೀಳುತ್ತದೆ, ನಿಜ. ಬರಲೇಬೇಕಾದರೆ ಎಂಟರಿಂದ ಹತ್ತನೆಯ ದಿನದವರೆಗೆ ಹಿತ್ತಲಲ್ಲಿ ಪಾತ್ರೆ, ಸ್ಟೋರು ಕೊಡಿ, ಟೇಬಲ್ಲಿಗೆ ಬೇಡ. ವಾಸನೆ ಇನ್ನೂ ಬಾರದವರನ್ನು ಗ್ಯಾಸ್ ಒಲೆಯ ಹತ್ತಿರ ಒಬ್ಬರೇ ಬಿಡಬೇಡಿ. ಸಾಂಬಾರು ಹಳಸಿದ್ದೂ ತಿಳಿಯದು, ಸಿಲಿಂಡರ್ ಸೋರಿದ್ದೂ ತಿಳಿಯದು. ಬಂದರಿನ ಐಸ್ ಪ್ಲಾಂಟ್‌ಗೆ ಇದು ಇನ್ನೂ ಮುಖ್ಯ. ಅಲ್ಲಿ ತಂಪು ಮಾಡುವುದು ಅಮೋನಿಯಾ; ಸೋರಿಕೆಯ ಮೊದಲ ಎಚ್ಚರಿಕೆ ಮೂಗೇ ಕೊಡುವುದು. ವಾಸನೆ ಮರಳುವವರೆಗೆ ಕಂಪ್ರೆಸರ್ ಕೋಣೆಯ ರಾತ್ರಿ ಪಾಳಿ ಅವರಿಗೆ ಹಾಕಬಾರದು. ಕಣ್ಣು ಮುಚ್ಚಿಸಿ ಕಾಫಿಪುಡಿ, ಸುಲಿದ ಬೆಳ್ಳುಳ್ಳಿ ಮೂಗಿಗೆ ಹಿಡಿದು ಎರಡನ್ನೂ ಹೇಳುತ್ತಾರೆಯೇ ನೋಡಿದರೆ ಒಂದು ಅಂದಾಜು ಸಿಗುತ್ತದೆ.

ಬೋಟಿಗೆ ಹತ್ತು ದಿನ, ಒಂದು ದಿನವೂ ಕಡಿಮೆ ಬೇಡ. ಬೈತಖೋಲ್‌ನಿಂದಲೋ ತದಡಿಯಿಂದಲೋ ಹಲವು ದಿನಕ್ಕೆ ಹೊರಡುವ ಟ್ರಾಲ್ ಬೋಟಿನಲ್ಲಿ ಎಲ್ಲರೂ ಒಂದೇ ಕ್ಯಾಬಿನ್ನಿನಲ್ಲಿ ಮೈಗೆ ಮೈ ತಾಗಿ ಮಲಗುತ್ತಾರೆ. ಎನ್95 ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಉಪ್ಪುನೀರು ಹಾರಿ ಒದ್ದೆಯಾದ ಮಾಸ್ಕ್‌ನಲ್ಲಿ ಉಸಿರೇ ಎಳೆಯಲಾಗದು. ಎಂಟನೆಯ ದಿನ ಹತ್ತಿಸಿಕೊಂಡು, ಸಮುದ್ರದ ನಡುವೆ ಮೂರು ಜನಕ್ಕೆ ಜ್ವರ ಬಂದರೆ ಬಲೆ ಎಳೆಯುವ ಕೈಗಳಿಲ್ಲದೆ ವಾಪಸಾಗಬೇಕು, ಡೀಸೆಲ್ಲಿಗೆ ಹಾಕಿದ ದುಡ್ಡು ನೀರಿಗೆ. ಈ ಲೆಕ್ಕವನ್ನು ಬೋಟು ನಡೆಸುವ ತಾಂಡೇಲರಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಹೊರಟ ಮೇಲೆ ಒಬ್ಬರಿಗೆ ಶುರುವಾದರೆ ಅವರ ಹಾಸಿಗೆ ಡೆಕ್ಕಿಗೆ, ಗಾಳಿ ಅವರಿಂದ ಉಳಿದವರ ಕಡೆ ಬೀಸದ ಬದಿಗೆ. ಅಡುಗೆಗೆ ಅವರ ಕೈ ಬೇಡ. ಉಸಿರು ಏದುತ್ತಿದ್ದರೆ ಬಲೆ ಬಿಟ್ಟು ದಡಕ್ಕೆ.

ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ಹಾಲ್‌ನಲ್ಲಿ ಹೆಂಗಸರು ಸಾಲಾಗಿ ಒತ್ತೊತ್ತಾಗಿ ಕೂರುತ್ತಾರೆ. ವಾಪಸು ಬಂದವರನ್ನು ಕಿಟಕಿಯ ಪಕ್ಕ ಕೂರಿಸಿ, ಸ್ಟ್ಯಾಂಡ್ ಫ್ಯಾನನ್ನು ಕಿಟಕಿಯತ್ತ ಮುಖ ಮಾಡಿಸಿ ಒಳಗಿನ ಗಾಳಿ ಹೊರಗೆ ಹೋಗುವಂತೆ ಇಡಿ. ಫ್ಯಾನು ಜನರತ್ತ ತಿರುಗಿದರೆ ಒಬ್ಬರ ಉಸಿರನ್ನು ಹಾಲ್ ತುಂಬ ಹಂಚಿದ ಹಾಗೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಗೆ ಬಂದರೆ ಪ್ರಶ್ನೆ ಹರಡುವುದರದ್ದಲ್ಲ, ಬೀಳುವುದರದ್ದು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಮರ ಹತ್ತುವಾಗ ತೋಟದ ಗಾಳಿಯಲ್ಲಿ ಯಾರಿಗೂ ಅಂಟಿಸುವುದಿಲ್ಲ. ಆದರೆ ಕೋವಿಡ್ ಆದಮೇಲೆ ಕೆಲವರಿಗೆ ಎದ್ದು ನಿಂತರೆ ತಲೆ ತಿರುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ನಲವತ್ತು ಅಡಿ ಮೇಲೆ, ಒಂದು ಮರದಿಂದ ಇನ್ನೊಂದು ಮರಕ್ಕೆ ಜೀಕುವಾಗ ಹಾಗಾದರೆ ಗತಿ ಏನು? ಕಷ್ಟದ ವ್ಯಾಯಾಮಕ್ಕೆ ಮರಳುವವರಿಗೆ ಬ್ರಿಟನ್ನಿನ ವೈದ್ಯರು 2021ರಲ್ಲಿ ಕೊಟ್ಟ ಸಲಹೆ ಇಲ್ಲಿಗೆ ಹೊಂದುತ್ತದೆ: ಲಕ್ಷಣ ಪೂರ್ತಿ ಹೋಗಿ 7 ದಿನ ಆಗಲಿ, ಆಮೇಲೆ ಎರಡು ವಾರ ಹಗುರ ಕೆಲಸ, ನಂತರ ಏರಿಸುತ್ತ ಹೋಗಬೇಕು. ಕೊಯ್ಲಿನ ನಡುವೆ ಮೂರು ವಾರ ಎಂದರೆ ತೋಟದ ಹೆಗಡೇರಿಗೆ ಹೊಟ್ಟೆ ಉರಿಯುತ್ತದೆ. ಕೊನೆಗೌಡರು ಊರಿಗೆ ಒಬ್ಬರೋ ಇಬ್ಬರೋ. ಅದಕ್ಕೇ ಅವರನ್ನು ಉಳಿಸಿಕೊಳ್ಳಬೇಕು. ಅಷ್ಟರವರೆಗೆ ಕೊನೆ ಉದುರಿದ್ದನ್ನು ಹೆಕ್ಕುವುದು, ಅಡಿಕೆ ಸುಲಿಯುವುದು ಆಗಬಹುದು; ಸುಲಿಯಲು ಕೂರುವುದು ಜಗಲಿಯಲ್ಲಿ, ಮುಚ್ಚಿದ ಕೋಣೆಯಲ್ಲಲ್ಲ. ನೆಲದಲ್ಲೇ ನಿಂತು ಕೊಯ್ಯುವ ಕೋಲು, ದೋಟಿ ಕೊಡುತ್ತೇವೆ ಎನ್ನಬೇಡಿ. ಕತ್ತು ಮೇಲೆತ್ತಿ ಉದ್ದದ ದೋಟಿ ಹಿಡಿಯುವುದೂ ತಲೆ ತಿರುಗಿಸುವ ಕೆಲಸವೇ.

ಮರ ಹತ್ತಿಸುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಬೆರಳಿಗೆ ಆಕ್ಸಿಮೀಟರ್ ಹಾಕಿ. ಮೆಹಂದಿ, ಅಡಿಕೆ ಕಲೆ ಇಲ್ಲದ ಬೆರಳು, ಕೈ ಬೆಚ್ಚಗಿರಲಿ. ಕೂತಾಗ 96 ಅಥವಾ ಮೇಲಿದ್ದರೆ ಕೈಯಿಲ್ಲದ ಕುರ್ಚಿಯಲ್ಲಿ ಒಂದು ನಿಮಿಷ ಎದ್ದು ಕೂತು, ಎದ್ದು ಕೂತು ಮಾಡಿಸಿ, ಕೈ ಊರದೆ. ಆಕ್ಸಿಮೀಟರ್ ತೋರಿಸುವ ಸಂಖ್ಯೆ 3 ಅಥವಾ ಹೆಚ್ಚು ಇಳಿದರೆ, ತಲೆ ತಿರುಗಿದರೆ ಮರದ ಮಾತು ಬೇಡ, ವೈದ್ಯರ ಹತ್ತಿರ ಹೋಗಬೇಕು. ಕೂತಾಗಲೇ ಕಡಿಮೆ ಇದ್ದರೆ, ಎದೆನೋವು ಇದ್ದರೆ ಈ ಪರೀಕ್ಷೆ ಮಾಡಲೇಬೇಡಿ. ವಖಾರಿಯಲ್ಲಿ ಚೀಲ ಹೊರುವವರಿಗೂ ಇದೇ ಅನ್ವಯ.

ಆಸ್ಪತ್ರೆಗೆ ಸೇರಿ ಆಕ್ಸಿಜನ್ ಹಾಕಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಿಡ್ನಿ ಬದಲಿಸಿಕೊಂಡವರು 20 ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹರಡಬಲ್ಲರು. ಅವರ ದಿನವನ್ನು ಮಾಲೀಕರು ನಿರ್ಧರಿಸಬಾರದು, ವೈದ್ಯರೇ ಬರೆದುಕೊಡಬೇಕು.

ದುಡ್ಡು

ನಿಯಮ ಎಷ್ಟೇ ಚೆನ್ನಾಗಿರಲಿ, ಸಂಬಳ ಕಡಿತ ಎಂದಾಕ್ಷಣ ಜ್ವರ ಮುಚ್ಚಿಡುತ್ತಾರೆ. ತಪ್ಪು ಅವರದಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಕಾಯಿಲೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆಗೆ ಅವಕಾಶವಿದೆ. ಏಳು ದಿನದ ಕೋವಿಡ್ ಅದರೊಳಗೇ ಮುಗಿಯುತ್ತದೆ. ಹೆಚ್ಚಿನ ಅಂಗಡಿ ಮಾಲೀಕರಿಗೆ ಈ ಹನ್ನೆರಡು ದಿನದ ವಿಷಯವೇ ಗೊತ್ತಿಲ್ಲ, ಕೆಲಸದವರಿಗೆ ಕೇಳುವ ಧೈರ್ಯವಿಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದರೆ, ಅಂದರೆ ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದು ನೋಂದಣಿ ಆಗಿದ್ದರೆ, ಕಾಯಿಲೆಯ ದಿನಗಳಿಗೆ ವೇತನದ ಶೇ 70 ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಮೊದಲ ಎರಡು ದಿನಕ್ಕೆ ಹಣವಿಲ್ಲ. ದಿನಕ್ಕೆ 500 ರೂಪಾಯಿ ಬೀಳುವವರ ಲೆಕ್ಕ ಹಾಕಿ: ಏಳು ದಿನದಲ್ಲಿ ಐದು ದಿನಕ್ಕೆ, ದಿನಕ್ಕೆ 350ರಂತೆ 1,750. ಕೆಲಸಕ್ಕೆ ಬಂದಿದ್ದರೆ 3,500. ಅರ್ಧಕ್ಕರ್ಧ ಖೋತಾ. ಉಳಿದ 1,750 ಸಂಸ್ಥೆಯೇ ತುಂಬುತ್ತದೆ ಎಂದು ಬರೆದಿಟ್ಟರೆ ಯಾರೂ ಮಾತ್ರೆ ನುಂಗಿ ಬರುವುದಿಲ್ಲ. ಐದು ಜನ ಒಟ್ಟಿಗೆ ಹಾಸಿಗೆ ಹಿಡಿಯುವುದಕ್ಕಿಂತ ಅದು ಅಗ್ಗ. ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಮೊದಲ ದಿನದಿಂದಲೇ ಬೇಕು. ಗುಣವಾದ ಮೇಲೆ ಹಿಂದಿನ ತಾರೀಖಿಗೆ ಬರೆಸಲು ಹೋದರೆ ಅಲೆದಾಟವೇ ಗತಿ.

ಬೋಟಿನವರಿಗೆ ಸಂಬಳವಲ್ಲ, ಪಾಲು. ಬಾರದ ಟ್ರಿಪ್ಪಿಗೆ ಪಾಲಿಲ್ಲ ಎನ್ನುವುದು ರೂಢಿ. ಅರ್ಧ ಪಾಲು ಅಥವಾ ಮುಂದಿನ ಟ್ರಿಪ್ಪಿನಲ್ಲಿ ತೀರುವ ಮುಂಗಡ, ಎರಡರಲ್ಲಿ ಒಂದನ್ನು ಆಗಸ್ಟ್ 1ಕ್ಕೆ ಹೊಸ ಋತು ಶುರುವಾಗುವ ಮುಂಚೆಯೇ ಮಾತಾಡಿಟ್ಟುಕೊಳ್ಳಬೇಕು. ಜ್ವರ ಬಂದ ದಿನ ಮಾತಾಡಿದರೆ ಅದು ಚೌಕಾಸಿ.

ಗೋಡೆಗೆ ಅಂಟಿಸುವ ಪುಟ ಹೀಗಿದ್ದರೆ ಸಾಕು: “ಜ್ವರ, ಗಂಟಲು ನೋವು, ಹೊಸ ಕೆಮ್ಮು ಕಂಡ ದಿನ ಫೋನ್ ಮಾಡಿ, ಬರಬೇಡಿ. ಪರೀಕ್ಷೆಯಲ್ಲಿ ಕೋವಿಡ್ ಎಂದು ತಿಳಿದರೆ ಪರೀಕ್ಷೆಯ ದಿನ ಸೊನ್ನೆ. 7 ದಿನ ಮನೆಯಲ್ಲಿರಿ. ಮಾತ್ರೆ ಇಲ್ಲದೆ 3 ದಿನ ಜ್ವರ ಬಾರದಿದ್ದರೆ ಎಂಟನೆಯ ದಿನ ಬನ್ನಿ. ನೆಗೆಟಿವ್ ರಿಪೋರ್ಟ್ ಬೇಡ. 10ನೇ ದಿನದವರೆಗೆ ಮಾಸ್ಕ್, ಊಟ ಬೇರೆ. ಈ ದಿನಗಳ ಸಂಬಳ ಹೀಗೆ ಸಿಗುತ್ತದೆ.” ಆ ಕೊನೆಯ ಸಾಲಿನ ಮುಂದೆ ಮೊತ್ತ ಅಥವಾ ರಜೆಯ ಹೆಸರು ಇರಲೇಬೇಕು. ಕೆಳಗೆ ತಾರೀಖು, ಫೋನ್ ಎತ್ತುವ ಒಬ್ಬರ ಹುದ್ದೆ. ಯಾರಿಗೆ ಬಂದಿದೆ ಎಂದು ಹೆಸರು ಹಿಡಿದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. “ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬರಿಗೆ ಬಂದಿದೆ, ಲಕ್ಷಣ ಗಮನಿಸಿ” ಎಂದರೆ ಆಯಿತು.

ಇನ್ನೊಂದು ಮಾತು ನಮ್ಮ ಜಿಲ್ಲೆಗೇ ಸಂಬಂಧಿಸಿದ್ದು. ಇಲ್ಲಿ ಜ್ವರ ಎಂದರೆ ಕೋವಿಡ್ ಒಂದೇ ಅಲ್ಲ. ಮಳೆಗಾಲದಲ್ಲಿ ಡೆಂಗಿ, ಗದ್ದೆ ಕೆಸರಿನಲ್ಲಿ ನಿಂತವರಿಗೆ ಇಲಿಜ್ವರ. ಡಿಸೆಂಬರ್‌ನಿಂದ ಮೇವರೆಗೆ, ಅದೂ ಅಡಿಕೆ ಕೊಯ್ಲಿನ ಹೊತ್ತಿಗೇ, ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ. 2024ರಲ್ಲಿ ಸಿದ್ದಾಪುರ ತಾಲ್ಲೂಕು ಅದರಿಂದ ಎಷ್ಟು ಬಳಲಿತು ಎನ್ನುವುದು ಎಲ್ಲರಿಗೂ ನೆನಪಿದೆ. ಮಂಗನ ಕಾಯಿಲೆಯ ಜ್ವರ ಕೆಲವರಲ್ಲಿ ಬಿಟ್ಟು, ಒಂದೆರಡು ವಾರದ ಮೇಲೆ ತಲೆನೋವು, ಗಲಿಬಿಲಿಯೊಂದಿಗೆ ಮತ್ತೆ ಬರುತ್ತದೆ. ಆದ್ದರಿಂದ ಏಳು ದಿನ ಮುಗಿಸಿ ಬಂದವರಿಗೆ ಜ್ವರ ಮರುಕಳಿಸಿದರೆ “ಕೋವಿಡ್ಡೇ ಇರಬೇಕು, ಇನ್ನೊಂದು ವಾರ ಮನೆಯಲ್ಲಿರು” ಎಂದು ಕಳಿಸಿಬಿಡಬೇಡಿ. ನೋವಿಗೆಂದು ಬ್ರೂಫೆನ್, ಆಸ್ಪಿರಿನ್ ಕೊಡಬೇಡಿ. ಡೆಂಗಿಯಲ್ಲೂ ಮಂಗನ ಕಾಯಿಲೆಯಲ್ಲೂ ರಕ್ತಸ್ರಾವಕ್ಕೆ ದಾರಿ ಆಗುತ್ತದೆ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರಕ್ತ ಪರೀಕ್ಷೆಗೆ ಕಳಿಸಿ. ಕೋವಿಡ್ ಯಾವ ತಾರೀಖಿಗೆ ಆಗಿತ್ತು, ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಕಾಡಿಗೆ ಹೋಗಿದ್ದರೇ, ಹತ್ತಿರದಲ್ಲಿ ಮಂಗ ಸತ್ತುಬಿದ್ದಿತ್ತೇ ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.